ಬಿದ್ದವರನ್ನು ಬಿಟ್ಟು ಓಡದ ಕುದುರೆಯ ವಿಷಯವಾಗಿ ಚಿತ್ರಕಂಪನಿಯ ವ್ಯವಸ್ಥಾಪಕರಿಗೆ

ಮಾನ್ಯ ವ್ಯವಸ್ಥಾಪಕರೇ,

ನಾನು ಕಳಕಮ್ಮ. ಆನೆಗೊಂದಿಯಿಂದ ಎರಡು ಹರದಾರಿ ದೂರದ ಊರಿನ ದೇಸಾಯರ ಮನೆಯ ಹಿರಿಯಳು. ಧಾರವಾಡದಲ್ಲಿ ಹೈಸ್ಕೂಲಿನವರೆಗೆ ಓದಿದವಳು. ಯಜಮಾನರು ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಈ ಮನೆಯನ್ನು, ಹೊಲವನ್ನು, ಹೊಳೆದಂಡೆಯ ಬಾಳೆತೋಟವನ್ನು, ಲಾಯದ ಏಳು ಕುದುರೆಗಳನ್ನು ನಡೆಸಿಕೊಂಡು ಬಂದಿದ್ದೇನೆ. ನಾನು ಮಾತು ಕೊಟ್ಟರೆ ಈ ಸೀಮೆಯಲ್ಲಿ ಯಾರೂ ಕಾಗದ ಕೇಳುವುದಿಲ್ಲ. ನೀವು ಮಾತು ಕೊಟ್ಟಾಗ ನಾನೂ ಕಾಗದ ಕೇಳಲಿಲ್ಲ. ತಪ್ಪಾಯಿತು.

ಕಾರ್ತೀಕದಲ್ಲಿ ನನ್ನ ಅಂಗಳದಲ್ಲಿ ನಿಂತು, ನನ್ನ ಸೊಸೆ ಶೇಖರಮ್ಮನನ್ನು ನಿಮ್ಮ ಕಂಪನಿಯಲ್ಲಿ ಕುದುರೆ ಸವಾರಿಯ ಕೆಲಸಕ್ಕೆ ತೆಗೆದುಕೊಳ್ಳುವುದಾಗಿ ಹೇಳಿದಿರಿ. ಪುಷ್ಯದಲ್ಲಿ ಆ ಮಾತನ್ನು ನುಂಗಿ ಒಂದು ಪತ್ರ ಬರೆದಿರಿ. ಅದನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ ನನ್ನ ಮಗ ಉಮಾಪತಿಯ ಹೆಸರಿಗೆ ಕಳಿಸಿದಿರಿ. ಮನೆಯ ಹೆಂಗಸರಿಗೆ ತಿಳಿಯಲಿಕ್ಕಿಲ್ಲ ಎಂದುಕೊಂಡಿರೇನೋ. ಮಗ ಅದನ್ನು ಒಡೆಯದೆ ತಂದು ನನ್ನ ಕೈಗಿಟ್ಟ. ಓದಿದೆ. ಅದರಲ್ಲಿ ಮುಖ್ಯವಾಗಿ ಮೂರು ವಿಷಯಗಳಿವೆ: ಹೆಂಗಸರನ್ನು ಸವಾರಿಗೆ ನೇಮಿಸುವ ಪದ್ಧತಿ ಕಂಪನಿಯಲ್ಲಿ ಇಲ್ಲ, ನಮ್ಮ ಕುದುರೆ ದೋಷವುಳ್ಳದ್ದು, ಉಳಿದ ಚಿತ್ರೀಕರಣಕ್ಕೆ ಫಾಲ್ಗುಣದಲ್ಲಿ ನಮ್ಮ ಬಾಳೆತೋಟವನ್ನೂ ಅದರೊಳಗಿನ ಬಂಡಿದಾರಿಯನ್ನೂ ಮತ್ತೆ ಬಿಟ್ಟುಕೊಡಬೇಕು. ಸೊಸೆ ಬೇಡ, ಕುದುರೆ ಬೇಡ, ತೋಟ ಮಾತ್ರ ಬೇಕು. ವ್ಯವಸ್ಥಾಪಕರೇ, ಇದನ್ನು ಬರೆಯುವಾಗ ನಿಮ್ಮ ಟೈಪು ಯಂತ್ರಕ್ಕಾದರೂ ನಾಚಿಕೆಯಾಗಲಿಲ್ಲವೇ?

ಈ ಪತ್ರವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ. ಅದನ್ನು ಓದುವವರಿಗೆ ಹಿಂದಿನದು ತಿಳಿಯದು. ಅವರಿಗಾಗಿ ಹೇಳುತ್ತೇನೆ. ತಪ್ಪಿದ್ದರೆ ಅದೇ ಪತ್ರಿಕೆಯಲ್ಲಿ ತಿದ್ದಿರಿ.

ನಿಮ್ಮ ಚಿತ್ರದ ರಾಜಕುಮಾರಿ ಕುದುರೆ ಏರಿ ಬಂಡೆಗಳ ನಡುವೆ ಕಳ್ಳರಿಂದ ತಪ್ಪಿಸಿಕೊಂಡು ಓಡಬೇಕಾಗಿತ್ತು. ನಿಮ್ಮ ನಾಯಕಿ ಕುದುರೆಯ ಕೊರಳು ತಟ್ಟುವಷ್ಟು ಧೈರ್ಯವಂತೆ, ಅದಕ್ಕಿಂತ ಮುಂದಕ್ಕಿಲ್ಲ. ಆದ್ದರಿಂದ ನಿಮ್ಮ ಸವಾರರ ಮುಖ್ಯಸ್ಥರು ಒಬ್ಬ ಗಂಡಸಿನ ಮೀಸೆ ಬೋಳಿಸಿ, ಸೀರೆ ಉಡಿಸಿ, ಕುದುರೆ ಹತ್ತಿಸಿದರು. ಊರೆಲ್ಲ ನೋಡಲು ಬಂದಿತ್ತು. ಗಟ್ಟಿ ಬಂಡೆಯ ಮೇಲೆ ಲಾಳ ಹೊಡೆದ ಕುದುರೆಯನ್ನು ಓಡಿಸಹೊರಟಿದ್ದನ್ನು ಕಂಡು ನನ್ನ ಪಕ್ಕ ನಿಂತಿದ್ದ ಶೇಖರಮ್ಮ ತಡೆಯಲಾರದೆ ಕೂಗಿದಳು.

"ಲಾಳ ತಗೀರಿ ಮೊದಲ! ಕಬ್ಬಿಣ ಕಲ್ಲಿನ ಮ್ಯಾಲ ನಿಂದರಂಗಿಲ್ರಿ, ಜಾರತೈತಿ!"

ನಿಮ್ಮ ಮುಖ್ಯಸ್ಥರು ತಿರುಗಿ ನೋಡಿ ನಕ್ಕರು. "ಒಲಿ ಮುಂದಿನ ಮಾತು ಒಲಿ ಮುಂದ ಇರಲಿ, ತಂಗಿ" ಎಂದರು. ಎರಡು ನಿಮಿಷದೊಳಗೆ ಕುದುರೆ ಜಾರಿತು. ಸೀರೆಯ ಗಂಡಸು ಮಣಿಕಟ್ಟು ಮುರಿದುಕೊಂಡು ಬಂಡೆಯ ಬುಡದಲ್ಲಿ ಕುಳಿತು ಅತ್ತ. ಶೇಖರಮ್ಮ ನಗಲಿಲ್ಲ. ಊರು ನಕ್ಕಿತು.

ಶೇಖರಮ್ಮ ಕುಷ್ಟಗಿ ಕಡೆಯ ಹೆಣ್ಣು. ಅವಳ ತಂದೆ ಕರಿಬಸಪ್ಪ ಕುದುರೆ ಸಾಕಿ ಮಾರುವವರು. ಆ ಮನೆಯ ಹೆಣ್ಣುಮಕ್ಕಳು ಕೊಡ ಹೊರುವುದಕ್ಕೆ ಮೊದಲೇ ಬರಿಬೆನ್ನಿನ ಕುದುರೆ ಹತ್ತಿ ಹಳ್ಳಕ್ಕೆ ನೀರು ಕುಡಿಸಲು ಹೋಗುತ್ತಾರೆ. ನನ್ನ ಮಗ ಉಮಾಪತಿ ಬಲು ಒಳ್ಳೆಯವನು, ಆದರೆ ಕುದುರೆಯ ಹತ್ತಿರ ಹೋದರೆ ಸೀನುತ್ತಾನೆ. ಹೀಗಾಗಿ ಮದುವೆಯಾದಂದಿನಿಂದ ಲಾಯವನ್ನು ಅವಳೇ ನೋಡಿಕೊಂಡಳು. ನಾನು ಬೇಡವೆಂದು ಗದರಿದ್ದುಂಟು. ಅವಳು ಕೇಳದೆ ಹೋದದ್ದೂ ಉಂಟು. ಎರಡನ್ನೂ ಮುಚ್ಚಿಡುವುದಿಲ್ಲ.

ಮರುದಿನ ನೀವೇ ನನ್ನ ಅಂಗಳಕ್ಕೆ ಬಂದಿರಿ. ನೀವು ಹುಬ್ಬಳ್ಳಿ ಕಡೆಯವರು. ಆ ದಿನ ಕನ್ನಡವನ್ನೇ ಆಡಿದಿರಿ.

"ಅವ್ವಾರ, ನಿಮ್ಮ ಸೊಸಿನ್ನ ನಾಲ್ಕು ದಿವಸ ಕಳಸ್ರಿ. ಕೆಲಸ ನಿಂತದ. ಯುದ್ಧದ ದೆಸಿಂದ ಫಿಲಮು ಸಿಗಂಗಿಲ್ಲ, ಹಾಳು ಮಾಡೂ ಹಂಗಿಲ್ಲ."

"ನಾಲ್ಕು ದಿವಸ ಕುಣಿಸಿ ಕೈ ಬಿಡ್ತೀರೇನ?" ಎಂದು ನಾನು ಕೇಳಿದೆ.

"ಛೇ, ಛೇ. ಬೀಳೂದು ಸೈತ ಛಂದಾಗಿ ಮಾಡಿದ್ರ ಕಂಪನಿಯಾಗ ಖಾಯಂ ಕೆಲಸ. ನನ್ನ ಮಾತು."

ನಮ್ಮ ಕುದುರೆ ನೋಡಿಕೊಳ್ಳುವ ಹಾಜಿಸಾಬ ಅಲ್ಲಿಯೇ ಹುಲ್ಲು ಹಾಕುತ್ತಿದ್ದ. ಅವನೇ ಸಾಕ್ಷಿ. ನನ್ನ ಮೈದುನ ಅಮರಪ್ಪನೂ ಇದ್ದ. ನೀವು ಹೋದ ಮೇಲೆ ಅವನು ನನ್ನನ್ನು ಚುಚ್ಚಿದ.

"ಭಾಳ ಛಲೋ ಆತು ವೈನಿ. ಮನಿತನದ ಮರ್ಯಾದಿ ಒಯ್ದು ಕುದುರಿ ಬಾಲಕ್ಕ ಕಟ್ಟಿದ್ರಿ."

"ಬಾಲಕ್ಕಲ್ಲೋ, ಬೆನ್ನಿಗೆ ಕಟ್ಟೀನಿ. ನೀ ಹತ್ತಿದ್ರ ಬೀಳ್ತಿದ್ದಿ, ಆಕಿ ಹತ್ತ್ಯಾಳ" ಎಂದೆ. ಹಾಗೆ ಹೇಳಿದ ಮೇಲೆ ನನಗೂ ಹಿಂದೆಗೆಯಲು ದಾರಿ ಉಳಿಯಲಿಲ್ಲ.

ಮೂರು ದಿನ ಶೇಖರಮ್ಮ ನಮ್ಮ ಹೆಣ್ಣುಗುದುರೆ ಕಾಶಿಯ ಲಾಳ ತೆಗೆಸಿ, ನಿಮ್ಮ ರಾಜಕುಮಾರಿಯ ಉಡುಪು ತೊಟ್ಟು, ನೀವು ತೋರಿಸಿದ ಪ್ರತಿ ಬಂಡೆಯ ಮೇಲೂ ಓಡಿಸಿದಳು. ಅದಕ್ಕೆ ನೀವೇ ಚಪ್ಪಾಳೆ ತಟ್ಟಿದಿರಿ. ನಾಲ್ಕನೆಯ ದಿನ ಬೀಳುವ ಕೆಲಸ. ಕಥೆಯಲ್ಲಿ ರಾಜಕುಮಾರಿ ಬೀಳಬೇಕು, ಬರಿಗುದುರೆ ಓಡುತ್ತಲೇ ಇರಬೇಕು, ಕಳ್ಳರು ಅದರ ಬೆನ್ನು ಹತ್ತಬೇಕು. ಶೇಖರಮ್ಮ ಬಿದ್ದಳು. ನಿಮ್ಮವರು ಹಾಸಿದ ಮೆತ್ತೆಯ ಮೇಲಲ್ಲ, ಬರಿಯ ಮರಳಿನ ಮೇಲೆ ಉರುಳಿ ಬಿದ್ದಳು. ಆದರೆ ಕಾಶಿ ಹತ್ತು ಮಾರು ಹೋಗಿ ತಿರುಗಿತು, ಹಿಂದಕ್ಕೆ ಬಂದು ಅವಳ ಮೇಲೆ ನೆರಳು ಬೀಳುವ ಹಾಗೆ ನಿಂತುಕೊಂಡಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲವೂ.

ಇದೇ ನಿಮ್ಮ ಪತ್ರದಲ್ಲಿರುವ 'ದೋಷ'.

ಇದು ದೋಷವಲ್ಲ, ನಮ್ಮ ಮನೆಯ ಪದ್ಧತಿ. ನನ್ನ ಮಾವನವರು ವಸೂಲಿಗೆ ಹೋದಾಗ ಹಿಟ್ನಾಳದ ಆಚೆ ಹಳ್ಳದಲ್ಲಿ ಕುದುರೆಯಿಂದ ಬಿದ್ದು ತೊಡೆ ಮುರಿದುಕೊಂಡಿದ್ದರು. ಚೈತ್ರದ ಬಿಸಿಲು. ಕುರಿ ಕಾಯುವವರು ಕಂಡು ಓಡಿಬರುವವರೆಗೆ ಆ ಕುದುರೆ ಅವರ ಮೈಮೇಲೆ ನೆರಳು ಹಿಡಿದು ನಿಂತಿತ್ತು. ಅಂದಿನಿಂದ ಈ ಮನೆಯಲ್ಲಿ ಕುದುರೆ ಕೊಳ್ಳುವಾಗ ಹಲ್ಲು ನೋಡಿದರಷ್ಟೇ ಸಾಲದು, ಬಿದ್ದು ನೋಡುತ್ತೇವೆ. ಓಟದಲ್ಲಿ ಸವಾರ ಜಾರಿ ಬೀಳುತ್ತಾನೆ. ಕುದುರೆ ಹಿಂದಿರುಗಿ ಬಂದರೆ ಕೊಳ್ಳುತ್ತೇವೆ. ಓಡಿಹೋದರೆ ಅದು ಎಷ್ಟು ಚೆಲುವಾಗಿದ್ದರೂ ತಂದವನೇ ಹಿಡಿದುಕೊಂಡು ಹೋಗಬೇಕು. ಮನೆಯಲ್ಲಿ ಹುಟ್ಟಿದ ಮರಿಗಳಿಗೂ ಇದನ್ನೇ ಕಲಿಸುತ್ತೇವೆ. ನಮ್ಮ ತಪ್ಪು ಒಂದೇ: ಇದು ಎಲ್ಲ ಕುದುರೆಗಳೂ ಮಾಡುವ ಕೆಲಸ ಎಂದು ನಂಬಿದ್ದೆವು. ಬಿದ್ದವರನ್ನು ಬಿಟ್ಟು ಓಡುವುದೂ ಒಂದು ವಿದ್ಯೆ, ಅದನ್ನು ಬೇರೆ ಕಲಿಸಬೇಕು ಎಂಬುದು ನಮಗೆ ಹೊಳೆದೇ ಇರಲಿಲ್ಲ.

ಆಗ ನಿಮ್ಮ ಮುಖ್ಯಸ್ಥರು ಒಂದು ಸುರುಳಿ ತಂತಿ ತಂದರು. ಕುದುರೆಯ ಮುಂಗಾಲಿಗೆ ಕಟ್ಟಿ, ಓಟದ ನಡುವೆ ಎಳೆದು, ಕುದುರೆಯನ್ನೇ ಕೆಡವುವ ಉಪಾಯ. ಕಾಲು ಮುರಿದರೆ ಗುಂಡು ಹೊಡೆದರಾಯಿತಂತೆ. ಶೇಖರಮ್ಮ ತಂತಿಯನ್ನು ಅವರ ಕೈಯಿಂದ ಕಿತ್ತುಕೊಂಡಳು.

"ಮೊದಲ ನಿಮ್ಮ ಕಾಲಿಗೆ ಕಟ್ಟಿಕೊಂಡು ಓಡ್ರಿ. ನಾ ಎಳಿತೀನಿ. ನೀವು ಎದ್ದು ಬಂದ್ರ ಆಮ್ಯಾಲೆ ಕಾಶಿ ಮಾತು."

ಅವಳು ಆಜ್ಞೆ ಪಾಲಿಸಲಿಲ್ಲ ಎಂದು ನೀವು ಬರೆದಿದ್ದೀರಿ. ಪಾಲಿಸಲಿಲ್ಲ. ನಾನೇ ನೋಡಿದ್ದೇನೆ. ಆದರೆ ಅವಳು ಅಷ್ಟಕ್ಕೇ ಕೆಲಸ ಬಿಟ್ಟು ಹೋದಳೆಂದು ಬರೆಯಲು ನಿಮ್ಮಿಂದಲೂ ಆಗಿಲ್ಲ. ಏಕೆಂದರೆ ಅವಳು ನೇರವಾಗಿ ನನ್ನ ಬಳಿಗೆ ಬಂದಳು.

"ಅತ್ತಿಯವರ, ಕಾಶಿ ನನ್ನ ಬಿಟ್ಟು ಓಡಬೇಕಂದ್ರ, ಅದಕ್ಕ ನನಗಿಂತ ಹೆಚ್ಚಿನವರು ಮುಂದ ಬಿದ್ದಿರಬೇಕು."

ನನಗೆ ಅರ್ಥವಾಯಿತು. ಕಾಶಿ ಹುಟ್ಟಿದ ಒಂಬತ್ತನೆಯ ದಿನ ಅದರ ತಾಯಿ ಸತ್ತಿತ್ತು. ಮೇಕೆ ಹಾಲು ಕುಡಿಸಿ ಬದುಕಿಸಿದವಳು ನಾನು. ಉಮಾಪತಿ, ಪಾಪ, ತಾನು ಬೀಳುತ್ತೇನೆಂದು ಮುಂದೆ ಬಂದ.

"ಬ್ಯಾಡ್ರಿ ಸಣ್ಣ ದೇಸಾಯರ" ಎಂದ ಹಾಜಿಸಾಬ. "ನೀವು ಬಿದ್ರ ಕಾಶಿ ಹಾರಿ ದಾಟಿ ಹೋಗತೈತಿ. ನೀವು ಸೀನೂದಷ್ಟ ಅದಕ್ಕ ಗೊತ್ತು."

ಕ್ಯಾಮರಾದವರು, ಆಳುಗಳು, ಊರಿನವರು, ಮೈದುನ ಎಲ್ಲರೂ ನೋಡುತ್ತಿದ್ದರು. ಯಜಮಾನರು ತೀರಿಕೊಂಡ ದಿನವೂ ನಾನು ಪರರೆದುರು ನೆಲಕ್ಕೆ ಕುಸಿದವಳಲ್ಲ. ಶೇಖರಮ್ಮ ತಲೆಯ ಸೆರಗು ಸರಿಮಾಡಿಕೊಂಡು ಕಾದಳು. ನಾನು ನಡೆದು ಹೋಗಿ ನಿಮ್ಮ ಕ್ಯಾಮರಾಕ್ಕೆ ಕಾಣದ ಹಾಗೆ ದೊಡ್ಡ ಬಂಡೆಯ ಮಗ್ಗುಲಿಗೆ, ಮರಳಿನಲ್ಲಿ ನಿಂತೆ. ಕಾಶಿ ಎದುರಿಗೆ ಓಡಿಬಂತು. ಶೇಖರಮ್ಮ ಬಿದ್ದ ಕ್ಷಣದಲ್ಲೇ ಐವತ್ತೆಂಟು ವರ್ಷದ ನಾನೂ ಬಿದ್ದೆ. ಕಾಶಿ ಒಂದು ಗಳಿಗೆ ತಡವರಿಸಿ, ಅವಳನ್ನು ಬಿಟ್ಟು ನನ್ನ ಕಡೆಗೆ ಓಡಿತು. ಬಂದು ನನ್ನ ಮೋರೆಯನ್ನು ಮೂಸಿತು. ಮರಳು ನನ್ನ ಬಾಯಿಯಲ್ಲಿತ್ತು. ಆಚೆಯಿಂದ ನೀವು ಕೂಗಿದ್ದು ಕೇಳಿಸಿತು: "ಸಿಕ್ತು, ಸಿಕ್ತು!"

ಸಿಕ್ಕಿದ್ದನ್ನು ಡಬ್ಬಿಯಲ್ಲಿ ತುಂಬಿಕೊಂಡು ಹೋದಿರಿ. ಆಮೇಲೆ ಹೆಂಗಸರನ್ನು ನೇಮಿಸುವ ಪದ್ಧತಿ ಇಲ್ಲವೆಂಬುದು ನಿಮಗೆ ನೆನಪಾಯಿತು. ಹೆಂಗಸರ ಸೀರೆ ಉಡುವ ಗಂಡಸನ್ನು ನೇಮಿಸುವ ಪದ್ಧತಿ ಇದೆಯಲ್ಲ, ಅದನ್ನು ಯಾವ ಶಾಸ್ತ್ರದಲ್ಲಿ ಓದಿದಿರಿ? ಅವಳ ಸವಾರಿ ನಿಮ್ಮ ಚಿತ್ರದಲ್ಲಿ ಇರಬಹುದು, ಅವಳು ನಿಮ್ಮ ಹಾಜರಿ ಪುಸ್ತಕದಲ್ಲಿ ಇರಬಾರದೇ? ಕುದುರೆ ದೋಷದ್ದಾದರೆ ದೋಷದ ಓಟವನ್ನು ಡಬ್ಬಿಯಿಂದ ತೆಗೆದು ಹೊಳೆಗೆ ಎಸೆಯಿರಿ. ಎಸೆಯುವುದಿಲ್ಲ. ಫಿಲಮು ಸಿಗುವುದಿಲ್ಲವಲ್ಲ.

ನಿಮ್ಮ ಪತ್ರ ಓದಿ ಹೇಳಿದ ದಿನ ಶೇಖರಮ್ಮ ಅಳಲಿಲ್ಲ. ಲಾಯಕ್ಕೆ ಹೋಗಿ ಜೀನಿಗೆ ಎಣ್ಣೆ ಹಚ್ಚುತ್ತ ಕುಳಿತಳು. ನಾನು ಹೋಗಿ ನಿಂತೆ. "ನನಗ ಈ ಒಂದು ಕೆಲಸ ಬರತೈತ್ರಿ, ಅತ್ತಿಯವರ. ಇದನ್ನ ಹೆಂಗಸರು ಮಾಡೂ ಹಂಗಿಲ್ಲ ಅಂತ ಬರದಾರ" ಎಂದಳು, ತಲೆ ಎತ್ತದೆ. ಮದುವೆಯಾಗಿ ಆರು ವರ್ಷದಲ್ಲಿ ನನ್ನೆದುರು ಅವಳು ತನಗಾಗಿ ಆಡಿದ ಮೊದಲ ಮಾತು ಅದು. ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಕೊಡದಿದ್ದರೆ ನಾನು.

ಆದ್ದರಿಂದ ನಾನು ನಿಮ್ಮಲ್ಲಿ ಕೆಲಸ ಬೇಡುತ್ತಿಲ್ಲ. ಚಿತ್ರ ಪರದೆಗೆ ಬರುವ ಮೊದಲು, ಆನೆಗೊಂದಿಯ ಬಂಡೆಗಳ ಮೇಲೆ ರಾಜಕುಮಾರಿಯ ಸವಾರಿ ಮಾಡಿದವಳು ಶೇಖರಮ್ಮ ಎಂದು ಅದರ ಮೊದಲಿಗೇ ಎಲ್ಲರೂ ಓದುವ ಹಾಗೆ ಬರೆಯಿಸಿರಿ. ಕಾಶಿಯ ವಿಷಯದಲ್ಲಿ ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಿರಿ. ಆ ತಂತಿಯ ಸುರುಳಿ ನನ್ನ ಬಳಿ ಇದೆ, ಅದನ್ನು ಕೊಡುವುದಿಲ್ಲ. ಉತ್ತರವನ್ನು ನನ್ನ ಹೆಸರಿಗೆ ಬರೆಯಿರಿ, ಕನ್ನಡದಲ್ಲಿ.

ಇನ್ನು ತೋಟದ ಮಾತು. ಹದಿನೈದು ದಿನದ ಹಿಂದೆ ಬೇರೊಂದು ಕಂಪನಿಯವರು ಇದೇ ಬಂಡೆಗಳನ್ನು ನೋಡಲು ಬಂದಿದ್ದರು. ಅಲ್ಲಿಗೆ ಕ್ಯಾಮರಾದ ಬಂಡಿ ಹೋಗಲು ನನ್ನ ತೋಟದ ದಾರಿಯೊಂದೇ ಇದೆಯೆಂಬುದು ನಿಮಗೆ ಗೊತ್ತು, ಅವರಿಗೂ ಗೊತ್ತಾಯಿತು. ಈ ಸಲ ನಾನು ಕಾಗದ ಕೇಳಿದೆ. ಸವಾರಿಯವಳ ಹೆಸರು ಶೇಖರಮ್ಮ ಎಂದು ಬರೆದ ಕಾಗದಕ್ಕೆ ಅವರು ರುಜು ಹಾಕಿದರು, ಅವಳೂ ಹಾಕಿದಳು. ನಿನ್ನೆ ಬೆಳಿಗ್ಗೆ ಅವಳು ಅವರ ಚಿತ್ರಕ್ಕಾಗಿ ಮೊದಲ ಸಲ ಬಿದ್ದಳು. ಕಾಶಿ ತಿರುಗಿ ಬಂದು ನೆರಳು ಹಿಡಿದು ನಿಂತಿತು. ನಾನು ಎದ್ದು ಬಂಡೆಯ ಮಗ್ಗುಲಿಗೆ ಹೊರಟಿದ್ದೆ. ಚಿತ್ರ ಮಾಡುವವರು ಕೈ ಅಡ್ಡ ಹಿಡಿದರು: "ನಿಂದರ್ರಿ ಅಮ್ಮಾ. ಕಥಿ ಹಿಂಗ ಇರಲಿ." ಇಲ್ಲಿಯ ಕೆಲಸ ಮುಗಿದ ಮೇಲೆ ಶೇಖರಮ್ಮ, ಕಾಶಿ, ಹಾಜಿಸಾಬ ಆ ಕಂಪನಿಯ ಊರಿಗೆ ಹೋಗುತ್ತಾರೆ. ಉಮಾಪತಿಯೂ ಹೋಗುತ್ತಾನೆ, ನಾಲ್ಕು ಡಜನ್ ಕರವಸ್ತ್ರ ಹೊಲಿಸಿಕೊಂಡಿದ್ದಾನೆ.

ನೀವು ಬಿಟ್ಟುಹೋಗಿದ್ದ ಡೇರೆಯ ಗೂಟಗಳನ್ನೂ ಹಗ್ಗಗಳನ್ನೂ ಎಣಿಸಿ ಹಿಟ್ನಾಳದ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಇಡಿಸಿದ್ದೇನೆ. ಆ ಕಂಪನಿಯ ಬಂಡಿ ಒಳಗೆ ಹೋದ ಮೇಲೆ ತೋಟದ ಬಾಗಿಲಿಗೆ ಇಂದು ಮುಳ್ಳು ಹಾಕಿಸಿಯಾಯಿತು.

ಇಂತಿ,
ನಿಮ್ಮ ಚಿತ್ರದಲ್ಲಿ ಎಲ್ಲಿಯೂ ಕಾಣದೆ, ಬಂಡೆಯ ಮಗ್ಗುಲಿಗೆ ಬಿದ್ದಿದ್ದ
ಕಳಕಮ್ಮ

ಮಾಘ, 1942