ಪಾಸಾದ ನನ್ನ ಹೆಂಡತಿಯನ್ನು ದಯವಿಟ್ಟು ಫೇಲು ಮಾಡಿ

ಮಿದುಳು ಸಂಶೋಧನಾ ಸಂಸ್ಥೆಯ ನಿರ್ದೇಶಕರೇ,

ನನ್ನ ಹೆಂಡತಿಯನ್ನು ನೀವು ಪಾಸು ಮಾಡಿದ್ದೀರಿ. ಅದೇ ನನ್ನ ದೂರು. ನಾನು ನಾಲ್ಕನೇ ಕ್ಲಾಸಿಗೇ ಶಾಲೆಗೆ ಬೆನ್ನು ಹಾಕಿದವನು. ನಮ್ಮ ಮನೆಯಲ್ಲಿ ಪರೀಕ್ಷೆ ಅಂತ ಬರೆದು ಪಾಸಾದವರು ಇವಳೇ ಮೊದಲು. ಸಿಹಿ ಹಂಚಬೇಕಿತ್ತು, ಅಲ್ಲವೇ? ಆದರೆ ನೆನಪಿನ ಪರೀಕ್ಷೆಯಲ್ಲಿ ಅಂಕ ಜಾಸ್ತಿ ಬಂತೆಂದು ನಿಮ್ಮ ಹೊಸ ಪೇಯದ ಪ್ರಯೋಗಕ್ಕೆ ಇವಳು ಬೇಡ ಅಂದಿರಿ. ಇವಳಿಗಿರುವ ಮರೆವಿನ ಕಾಯಿಲೆಯೇ ಇರುವ ಎದುರಂಗಡಿ ದರ್ಜಿಯ ಹೆಂಡತಿಯನ್ನು ಮಾತ್ರ ಸೇರಿಸಿಕೊಂಡಿರಿ.

ನಾನೂ ದರ್ಜಿಯೇ. ಅವನ ಗಿರಾಕಿಗಳನ್ನು ಕಂಡರೆ ನನಗೆ ಮೊದಲಿಂದಲೂ ಉರಿ, ಅವನ ಹೊಸ ಮಷೀನು ಕಂಡರೆ ಇನ್ನೂ ಉರಿ. ಅದೆಲ್ಲ ಈಗ ಜುಜುಬಿ. ಹೋದ ವಾರ ಅವನು ರಸ್ತೆ ದಾಟಿ, ಮುಖ ಅರಳಿಸಿಕೊಂಡು ಬಂದ. "ಇವತ್ತು ನನ್ನ ಹೆಂಡತಿ ನನ್ನನ್ನ ಬೈದಳು ಕಣಯ್ಯಾ! 'ಒಂದು ಗುಂಡಿ ನೆಟ್ಟಗೆ ಹಾಕೋಕೆ ಬರಲ್ಲ, ನೀವೂ ಒಬ್ಬ ದರ್ಜೀನಾ' ಅಂದಳು. ಎಷ್ಟು ಕಾಲ ಆಗಿತ್ತು ಅವಳ ಬಾಯಲ್ಲಿ ಬೈಸಿಕೊಂಡು!"

ಬೈಗುಳ ತಿಂದವನನ್ನು ಕಂಡು ಹೊಟ್ಟೆ ಉರಿದುಕೊಂಡವನನ್ನು ನೀವೆಲ್ಲಾದರೂ ನೋಡಿದ್ದೀರಾ? ಇಲ್ಲವಾದರೆ ನಮ್ಮ ಅಂಗಡಿಗೆ ಬನ್ನಿ.

ನಿಮ್ಮ ಡಾಕ್ಟರಮ್ಮನ ಮೇಲೆ ನನ್ನ ದೂರಿಲ್ಲ. ಇವಳ ಮಿದುಳಿನ ಬಣ್ಣದ ಚಿತ್ರ ತೋರಿಸಿ ನನ್ನಂಥ ದಡ್ಡನಿಗೂ ತಿಳಿಯುವ ಹಾಗೆ ಹೇಳಿದರು. ಮಿದುಳಿಗೆ ಸಕ್ಕರೆಯೇ ಸೌದೆಯಂತೆ. ವಯಸ್ಸಾದ ಮೇಲೆ ಎಲ್ಲರ ಒಲೆಯೂ ಒಂಚೂರು ಮಂದವೇ. ಆದರೆ ಈ ಕಾಯಿಲೆಯಲ್ಲಿ ರಕ್ತದ ತುಂಬ ಸೌದೆಯಿದ್ದರೂ ಒಲೆ ಅದನ್ನು ಸರಿಯಾಗಿ ಒಳಗೆ ಎಳೆದುಕೊಳ್ಳುವುದಿಲ್ಲ. ಚೆನ್ನಾಗಿ ಉರಿಯುವ ಕಡೆ ಕೆಂಪು, ಹಳದಿ. ಇವಳ ಚಿತ್ರದಲ್ಲಿ ಕಿವಿಯ ಹಿಂದೆ, ಮೇಲೆ ಎಲ್ಲ ನೀಲಿ. "ಹಾಗಾದ್ರೆ ಬೇರೆ ಸೌದೆ ಹಾಕಿ ತಾಯೀ" ಅಂದೆ. "ಅದಕ್ಕೇ ಅಜ್ಜಾ ಈ ಪ್ರಯೋಗ" ಅಂದರು. ಪೇಯದ ಕೊಬ್ಬಿನಿಂದ ದೇಹ ಇನ್ನೊಂದು ಥರದ ಇಂಧನ ಮಾಡಿಕೊಳ್ಳುತ್ತದೆ, ಸಕ್ಕರೆ ಒಲ್ಲದ ಮಿದುಳು ಅದನ್ನಾದರೂ ಉರಿಸೀತು ಎಂಬ ಆಸೆಯಂತೆ. ಇದು ಮದ್ದಲ್ಲ, ಬರೀ ಪರೀಕ್ಷೆ ಅಂತಲೂ ಬಾಯಿಬಿಟ್ಟು ಹೇಳಿದರು. ಎದುರಂಗಡಿಯವಳು ಬೈದದ್ದು ಪೇಯದಿಂದಲೋ, ಅವನು ಹಾಕಿದ ಗುಂಡಿಯ ಅಂದ ನೋಡಿಯೋ, ನಾನೇನು ಬಲ್ಲೆ? ನನಗೆ ಬೇಕಾದದ್ದು ಇವಳಿಗೂ ಒಂದು ಜಾಗ, ಅಷ್ಟೇ.

ಇನ್ನು ನಿಮ್ಮ ಘನವಾದ ಪರೀಕ್ಷೆ. ನಮ್ಮ ಅಂಗಡಿಯ ಕ್ರಮ ಹೀಗೆ: ನಾನು ಟೇಪು ಹಿಡಿದು "ಎದೆ ಮೂವತ್ತೆಂಟು" ಅನ್ನುತ್ತೇನೆ, ಇವಳು "ಮೂವತ್ತೆಂಟು" ಅಂದು ಸೀಮೆಸುಣ್ಣದಲ್ಲಿ ಬಟ್ಟೆಯ ಅಂಚಿಗೆ ಗೀಚುತ್ತಾಳೆ. ಮದುವೆಯಾದಾಗಿನಿಂದ ಹೀಗೇ. ಅಂದು ನಿಮ್ಮ ಹುಡುಗಿ "ಬಾಗಿಲು, ಕೊಡೆ, ಹಸಿರು, ನೆನಪಿಟ್ಟುಕೊಳ್ಳಿ ಅಜ್ಜಿ" ಅಂದಳು. ಬೇರೆ ಏನೇನೋ ಕೇಳಿ, ಆಮೇಲೆ ಆ ಮೂರು ಪದ ಯಾವುವು ಅಂದಳು. ಇವಳ ಬೆನ್ನ ಹಿಂದೆ ಕೂತಿದ್ದ ನನ್ನ ಬಾಯಿ ತಾನಾಗೇ ಗೊಣಗಿತು: ಬಾಗಿಲು. ಇವಳು ಗಟ್ಟಿಯಾಗಿ "ಬಾಗಿಲು!" ಅಂದಳು. ಫ್ಯಾನು ಗರಗರ ಅನ್ನುತ್ತಿತ್ತು, ಹುಡುಗಿಯ ತಲೆ ಕಾಗದದಲ್ಲಿತ್ತು. ಪರೀಕ್ಷೆ ಮುಗಿಯುವವರೆಗೂ ಇದೇ ಕಥೆ. ಮೋಸವಲ್ಲ ಸ್ವಾಮೀ, ಅಭ್ಯಾಸ. ನಾನು ಗೊಣಗಿದ್ದೇ ಇವಳ ಅಂಕವಾಯಿತು ಅಂತ ನನಗೆ ಗೊತ್ತಾಗಿರಲಿಲ್ಲ.

ಗೊತ್ತು ಮಾಡಿದವನು ಎದುರಂಗಡಿಯವನೇ. ನಡೆದದ್ದೆಲ್ಲ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಮಹರಾಯಾ, ಅವರು ಮಾರ್ಕು ಕೊಟ್ಟಿರೋದು ನಿನ್ನ ಬಾಯಿಗೆ! ನಮ್ಮವಳನ್ನ ಕೇಳುವಾಗ ನಾನು ಹೊರಗೆ ಚಹಾ ಕುಡೀತಿದ್ದೆ."

ನೋಡಿ ನಿಮ್ಮ ನ್ಯಾಯ! ಹೆಂಡತಿಯನ್ನು ಬಿಟ್ಟು ಚಹಾಕ್ಕೆ ಹೋದವನಿಗೆ ಜಾಗ, ಬೆನ್ನಿಗೆ ಕೂತವನಿಗೆ ಬಾಗಿಲು. ಚಿತ್ರ ಹಸಿದಿದ್ದೇನೆ ಅನ್ನುತ್ತದೆ, ಅಂಕ ಹೊಟ್ಟೆ ತುಂಬಿದೆ ಅನ್ನುತ್ತದೆ. ಎರಡೂ ನಿಮ್ಮ ಕಟ್ಟಡದಲ್ಲೇ ಹುಟ್ಟಿದ್ದಲ್ಲವೇ? ಒಂದಕ್ಕೊಂದು ತಾಳೆ ಇಲ್ಲ ಅಂತ ಅಷ್ಟು ಓದಿದವರಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ಅಳತೆ ತಪ್ಪಿದರೆ ನಾವು ಹೊಲಿಗೆ ಬಿಚ್ಚುತ್ತೇವೆ. ಗಿರಾಕಿಯ ಎದೆಯೇ ತಪ್ಪು ಅನ್ನುವುದಿಲ್ಲ.

ನಿಮ್ಮ ಕಚೇರಿಗೆ ಬಂದು ಇದನ್ನೇ ಹೇಳಿದೆ. "ಒಮ್ಮೆ ಬಂದ ಅಂಕ ಬದಲಿಸೋಕಾಗಲ್ಲ ಅಜ್ಜಾ" ಅಂದರು. ಅದಕ್ಕೇ ಹೀಗೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ. ಎದುರಂಗಡಿಯವಳನ್ನು ತೆಗೆದುಹಾಕಿ ಇವಳನ್ನು ಸೇರಿಸಿ ಎಂದು ಕೇಳುತ್ತಿಲ್ಲ. ಆ ಯೋಚನೆ ಬಂದಿತ್ತು, ಸುಳ್ಳೇಕೆ? ಆದರೆ ಆ ತಾಯಿ ಇನ್ನೂ ನಾಲ್ಕು ಬೈಯಲಿ, ಅವನು ಅದಕ್ಕೆ ತಕ್ಕವನೇ. ನಾನು ಕೇಳುವುದು ಮರುಪರೀಕ್ಷೆ. ನನ್ನನ್ನು ಹೊರಗೆ ಹಾಕಿ, ಬಾಗಿಲು ಮುಚ್ಚಿ, ಇವಳೊಬ್ಬಳನ್ನೇ ಕೇಳಿ.

ನಿನ್ನೆ ಅಂಗಡಿಯಲ್ಲಿ ಸುಮ್ಮನೆ ಟೇಪನ್ನು ನನ್ನ ಎದೆಗೇ ಸುತ್ತಿಕೊಂಡು "ಮೂವತ್ತೆಂಟು" ಅಂದೆ. "ಮೂವತ್ತೆಂಟು" ಅಂದಳು, ಗೀಚಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿ, ಬಹಳ ಮರ್ಯಾದೆಯಿಂದ ಕೇಳಿದಳು: "ಅಂಗಿ ಯಾವತ್ತಿಗೆ ಬೇಕಣ್ಣಾ?"

ಇಂತಿ,
ಸ್ವಂತ ಅಂಗಡಿಯಲ್ಲೇ ಗಿರಾಕಿಯಾಗಿ,
ಒಂದು ಬೈಗುಳಕ್ಕೆ ಕಾದು ಕೂತಿರುವ ದರ್ಜಿ