ಆಯುಧಪೂಜೆಯಂದು ನಿಂತ ಶೀತಯಂತ್ರ

ತಾಯಿ ಚಾಮುಂಡೇಶ್ವರಿ, ಬರೆವ ಕೈಯನ್ನೂ ಬರೆಸುವ ಮನಸ್ಸನ್ನೂ ಕಾಯಮ್ಮ.

ವಿಶ್ವಾವಸು ಸಂವತ್ಸರ, ಆಶ್ವಯುಜ ಶುದ್ಧ ಷಷ್ಠಿ, ಭಾನುವಾರ. 28-9-2025

ಜಪ ಮುಗಿಯಿತು. ಹೆಂಡತಿ ಪುಟ್ಟತಾಯಮ್ಮನ ಕೈಗೆ ಕಾಫಿ ಲೋಟವಿಟ್ಟು ಕೂತಿದ್ದೆ. ಅಷ್ಟರಲ್ಲಿ ಆಕೆಯ ತಮ್ಮ ವಿಶ್ವನಾಥನ ಆಗಮನ.

ಮಂಡಿ ಮೊಹಲ್ಲಾದ ಅವನ ಹಳೆಯ ಕೋಲ್ಡ್ ಸ್ಟೋರೇಜಿನಲ್ಲಿ ತಂಪಿಗೆ ಬಳಸುತ್ತಿದ್ದ ಅಮೋನಿಯಾ ಅನಿಲ ಸೋರಿ ನನ್ನ ಹೆಂಡತಿಯ ಕಣ್ಣು ಹೋಯಿತು. ತನಿಖೆಗೆ ಬಂದವರ ಮುಂದೆ ನಕ್ಕವನು ಇವನು: “ಅಕ್ಕ ಈರುಳ್ಳಿ ಹೆಚ್ತಾ ಇದ್ಲು ಕಣ್ರೀ, ಅಷ್ಟೇಯ.” ಆ ನಗೆಯನ್ನು ಮರೆತಿಲ್ಲ. ಮರೆಯಲೊಲ್ಲೆ.

ಈಗ ಹಿನಕಲ್‌ನಲ್ಲಿ ಹೊಸ ಸ್ಟೋರೇಜು. ಕಾರ್ಬನ್ ಡೈಆಕ್ಸೈಡಿನಿಂದ ತಂಪು.

“ಸೋಡಾದಲ್ಲಿರೋ ಗ್ಯಾಸೇ ಭಾವ. ಕಣ್ಣುರಿಯಲ್ಲ, ನಾತ ಇಲ್ಲ. ಆಯುಧಪೂಜೆ ದಿನ ಮಿಷನ್ ನಿಲ್ಲಿಸ್ಬೇಡಿ ಅಂತಾನೆ ಆ ಮೆಕ್ಯಾನಿಕ್ ಪೌಲರಾಜ್. ನಮ್ ಶಾಸ್ತ್ರ ಅವನಿಗೇನ್ ಗೊತ್ತು? ಶಾಸ್ತ್ರ ಬಲ್ಲೋರು ನೀವೇಳಿ.”

ಪೌಲರಾಜ್ ನಮ್ಮ ನೆರೆಯವನು. ಕಾರಣವನ್ನು ನನಗೆ ವಿವರಿಸಿದ್ದ. ಯಂತ್ರ ನಿಂತರೆ ಒಳಗಿನ ಅನಿಲ ಬಿಸಿಯಾಗಿ ಒತ್ತಡವೇರುತ್ತದೆ. ವಾಲ್ವ್ ತಾನೇ ತೆರೆದು ಅನಿಲವೆಲ್ಲ ಆಕಾಶದ ಪಾಲು; ಮತ್ತೆ ತುಂಬುವವರೆಗೆ ತಂಪಿಲ್ಲ.

ಹೇಳಿದೆ— ಪೂಜೆಗೊಂಡ ಆಯುಧವನ್ನು ದಶಮಿಯವರೆಗೆ ಚಲಾಯಿಸತಕ್ಕದ್ದಲ್ಲ. ಮಾತು ಶಾಸ್ತ್ರದ್ದೇ. ನುಡಿಸಿದ್ದು ಹಗೆ.

ನವಮಿ, ಬುಧವಾರ. ಬೆಳಗ್ಗೆ

ನಸುಕಿನಲ್ಲೇ ಯಂತ್ರ ನಿಲ್ಲಿಸಿ ತೊಳೆದರಂತೆ. ದಸರೆಗೆಂದು ತುಂಬಿಟ್ಟ ಐಸ್‌ಕ್ರೀಮ್ ಅಷ್ಟೂ ಕರಗಲಿ. ಅವನು ಕಣ್ಣೀರಿಡಲಿ. ಆಗ ಕೇಳುವೆ— ಈರುಳ್ಳಿ ಹೆಚ್ಚಿದೆಯೇನಪ್ಪ?

ಪುಟ್ಟತಾಯಮ್ಮನನ್ನು ಮನೆಯಲ್ಲೇ ಇರಹೇಳಿ ಹಿನಕಲ್‌ಗೆ ಹೊರಟೆ.

ದಶಮಿ, ಗುರುವಾರ

ನಿನ್ನೆ ಬರೆಯಲಾಗಲಿಲ್ಲ.

ಮಂಗಳಾರತಿಯ ಹೊತ್ತಿಗೆ ಕಾರು ಬಂದು ನಿಂತಿತು. ವಿಶ್ವನಾಥ ನನಗೆ ತಿಳಿಸದೆ ಅಕ್ಕನನ್ನು ಕರೆಸಿದ್ದ. “ನೀನಿಲ್ದೆ ಪೂಜೆ ಎಂಗಕ್ಕ?” ಎಂದು ಅಂಗಳದಲ್ಲಿ ಕೂರಿಸಿ ಪ್ರಸಾದ ಕೊಟ್ಟ.

ಆಗ ಚಾವಣಿಯ ವಾಲ್ವ್ ಕೊಳವೆ ಭೋರ್ಗರೆಯಿತು. ನಾನು ಕಾದಿದ್ದ ಸದ್ದು…

“ಅಯ್ಯೋ, ಅಮೋನಿಯಾ! ನನ್ ಕಣ್ಣು!”

ಪುಟ್ಟತಾಯಮ್ಮ ಸೆರಗಿನಿಂದ ಮುಖ ಮುಚ್ಚಿ ನೆಲಕ್ಕುರುಳಿದಳು. ನಿಂತಲ್ಲೇ ನಿಂತೆ. ಎತ್ತಿಕೊಂಡು ಓಡಿದವನು ವಿಶ್ವನಾಥ. “ಉರಿಯಲ್ಲ ಕಣಕ್ಕ, ಉರಿಯಲ್ಲ… ಸೆರಗು ಬುಡು…” ಅಳುತ್ತಿದ್ದ. ಸರಕಿಗಾಗಿ ಅಲ್ಲ.

ಕೇಳಬೇಕೆಂದಿದ್ದುದನ್ನು ಕೇಳಲಾಗಲಿಲ್ಲ.

ಇಂದು ಅವಳೇ ಕೇಳಿದಳು: “ನಿಲ್ಲಿಸು ಅಂದೋರು ನೀವೇನಾ?”

ಅವಳ ಕಾಲ ಬಳಿ ಕೂತೆ.

“ಹಂಗಾದ್ರೆ ಅಬ್ಬದ ದಿನ ಬಾಯ್ತುಂಬ ಒಳ್ಳೇದಾಗ್ಲಿ ಅಂತ ಅರಸಿ. ಎಲ್ರಿಗೂ. ಅವನಿಗೂ.”

ಬಾಯಲ್ಲಾಗದ ಹರಕೆಯನ್ನು ಇಲ್ಲಿ ಬರೆಯುತ್ತೇನೆ.

ಪುಟ್ಟತಾಯಮ್ಮನಿಗೆ ನಿರ್ಭಯವಾಗಲಿ. ಪೌಲರಾಜನಿಗೂ ಅಲ್ಲಿ ದುಡಿಯುವವರೆಲ್ಲರಿಗೂ ಕ್ಷೇಮವಾಗಲಿ. ವಿಶ್ವನಾಥನ ಸ್ಟೋರೇಜು ಹಾಳಾ— ಅಲ್ಲ. ವಿಶ್ವನಾಥನಿಗೂ ತಾಯಿಯ ಕೃಪೆಯಿಂದ…