ಬಂದ್ರ ಬ್ಯಾಡ ಅಂತೀನೇನು?

ವಾಡಿ, ಸೋಮವಾರ

ಗುರುಲಿಂಗಣ್ಣಗ ಮಹಾನಂದಾಳ ಶರಣಾರ್ಥಿ.

ಪಂಚಮಿಗೆ ಬರಲೇನು ಅಂತ ಫೋನಿನಾಗ ಕೇಳಿದ್ರ ನೀ, "ಬಂದ್ರ ಬ್ಯಾಡ ಅಂತೀನೇನು?" ಅಂದಿ. ಇಂಥ ಪ್ರಶ್ನೆ ಉತ್ತರ ಬೇಡಾಂಗಿಲ್ಲ ಅಂತ ಸಾಲ್ಯಾಗ ಹುಡುಗರಿಗೆ ನಾನೇ ಕಲಸ್ತೀನಿ. ಆದ್ರೂ ವಾರಾತು, ಉತ್ತರ ಹುಡಕಲಿಕತ್ತೀನಿ.

ನಾ ಬಂದ್ರ ನೀ ಬ್ಯಾಡ ಅನ್ನಾಂಗಿಲ್ಲ, ಖರೆ. ನಾ ಬರಲಿಲ್ಲಂದ್ರ ನಿನಗ ಹ್ಯಾಂಗ ಅನಸ್ತದ? ಅದು ಆ ಮಾತಿನಾಗ ಎಲ್ಲೂ ಇಲ್ಲ.

ನಮ್ಮವರು ತೀರಿಕೊಂಡ ಮ್ಯಾಲೂ ಅವ್ವ ಪ್ರತಿ ವರ್ಷ ನನ್ನ ಕರೀಲಿಕ್ಕ ನಿನ್ನ ಕಳಸ್ತಿದ್ಲು. ನೀ ಬಾಗಿಲಾಗ ನಿಂತು, "ಲಗೂ ನಡಿ, ಬಸ್ ಹೋಗ್ತದ" ಅಂತ ಓಣಿಗೆಲ್ಲ ಕೇಳೋಹಂಗ ಒದರತಿದ್ದಿ. ಅವ್ವ ಇಲ್ಲದ ಮೊದಲ ಪಂಚಮಿ ಇದು. ಭಂಕೂರ ಏನು ದೂರಿಲ್ಲ, ಹಾದಿ ನನಗೂ ಗೊತ್ತದ. ಆದ್ರ ಕರೀಲಾರದ ತವರಿಗೆ ಹ್ಯಾಂಗ ಬರಲಿ?

ಶೇಂಗಾ ಉಂಡಿ ಕಟ್ಟೀನಿ ಅಂತ ವೈನಿಗೆ ಹೇಳು. ಒಬ್ಬಾಕಿಗೆ ಭಾಳ ಆಗ್ಯಾವ.

ನನ್ನ ವಿಳಾಸ ಬರದ ಕಾರ್ಡೊಂದು ಇದರ ಜೋಡಿ ಇಟ್ಟೀನಿ. ಅದರಾಗ "ಬಾ" ಅಂತ ಬರದು ಟಪಾಲಿಗೆ ಹಾಕು, ಸಾಕು. ಬಸ್ಸಿಗೆ ನಾ ಒಬ್ಬಾಕಿನೇ ಬರ್ತೀನಿ.

ಬರೀಲಿಕ್ಕ ಬ್ಯಾಸರಾದ್ರ, ಬಾಗಿಲಾಗ ನಿಂತು ಒದರಿದ್ರೂ ನಡೀತದ.

ನಿನ್ನ ತಂಗಿ,
ಮಹಾನಂದಾ